ಛಾಯಾಚಿತ್ರದಲ್ಲಿ ಮುಗಿದ ಮನೆ

ಚಿಕ್ಕನಾಯಕನಹಳ್ಳಿಯಿಂದ ತಿಪಟೂರಿಗೆ ಬರುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ತುಸು ಒಳಗಿರುವ ಊರೊಂದರ ಕಾಲೊನಿಗೆ ಕಳೆದ ಬೇಸಿಗೆಯಲ್ಲಿ ಹೋಗಬೇಕಾಯಿತು. ನಮ್ಮ ಸಂಬಂಧಿಕರ ತೋಟದ ಕೆಲಸಕ್ಕೆ ಬರುವ ಹೆಂಗಸೊಬ್ಬರು ತಮ್ಮ ಮನೆಯ ಕಾಗದಪತ್ರಗಳನ್ನು ನೋಡಿಕೊಡಬೇಕೆಂದು ಕೇಳಿಕೊಂಡಿದ್ದರು. ಸರ್ಕಾರಿ ಸೇವೆಯಲ್ಲಿದ್ದವನು ನಿವೃತ್ತನಾಗಿ ಊರಿಗೆ ಮರಳಿದರೆ ಇಂಥ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಸರ್ಕಾರದ ನೆರವಿನಿಂದ ಕಟ್ಟಿದ ಮನೆ. ನಾಲ್ಕು ವರ್ಷವೂ ಆಗಿರಲಿಲ್ಲ. ಪಡುವಣ ಗೋಡೆಯಲ್ಲಿ ಲಿಂಟಲ್‌ನಿಂದ ನೆಲದವರೆಗೆ ಬಿರುಕು. ಛಾವಣಿಯ ಒಂದು ಮೂಲೆ ಮಳೆಗಾಲದಲ್ಲಿ ಸೋರಿ ಕಪ್ಪಾಗಿತ್ತು. ಬಾಗಿಲ ಜಾಗದಲ್ಲಿ ತಗಡು. ಒಳಗೆ ಕೂಲಿಯ ಜೊತೆ ಸಿಕ್ಕ ತೆಂಗಿನ ಚಿಪ್ಪು ಮತ್ತು ಮಟ್ಟೆಯ ರಾಶಿ, ಎರಡು ಆಡುಗಳು. ಸಂಸಾರ ವಾಸವಾಗಿದ್ದುದು ಪಕ್ಕದ ಹಳೆಯ ಗರಿಯ ಮಾಡಿನಲ್ಲಿ.

ಮೊಬೈಲಿನಲ್ಲಿ ಅವರ ಫಲಾನುಭವಿ ಸಂಖ್ಯೆಯನ್ನು ಹಾಕಿ ನೋಡಿದೆ. ತಳಪಾಯ, ಲಿಂಟಲ್, ಛಾವಣಿ, ಪೂರ್ಣ: ನಾಲ್ಕು ಹಂತ, ನಾಲ್ಕು ಛಾಯಾಚಿತ್ರ, ನಾಲ್ಕು ಕಂತು. ಕೊನೆಯ ಚಿತ್ರದಲ್ಲಿ ಮುಂಭಾಗದ ಗೋಡೆಗೆ ಸುಣ್ಣ ಬಳಿಯಲಾಗಿತ್ತು. ಮುಂಭಾಗಕ್ಕೆ ಮಾತ್ರ ಎಂಬುದು ಮನೆಯನ್ನು ಒಂದು ಸುತ್ತು ಹಾಕಿದವರಿಗೆ ತಿಳಿಯುತ್ತದೆ. ಕ್ಯಾಮೆರಾ ಸುತ್ತು ಹಾಕುವುದಿಲ್ಲ. ಸರ್ಕಾರದ ದಾಖಲೆಯ ಪ್ರಕಾರ ಅದು ಪೂರ್ಣಗೊಂಡ ಮನೆ. ‘ಫೋಟೋದಾಗೆ ಚೆನ್ನಾಗೇ ಐತಲ್ಲ ಸಾರ್’ ಎಂದರು ಆ ಹೆಂಗಸು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅಷ್ಟು ಚೆನ್ನಾಗಿ ಕಾಣುವ ಮನೆಗೆ ದುರಸ್ತಿ ಕೇಳಿದರೆ ಕೊಟ್ಟಾರೆಯೇ ಎಂಬುದು ಅವರ ಅಳುಕು.

ಕರ್ನಾಟಕದಲ್ಲಿ ಬಡವರ ವಸತಿಯ ಹೊಣೆ ಹೊತ್ತಿರುವ ಸಂಸ್ಥೆ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ. ಹೆಸರಿನಲ್ಲಿ ಗ್ರಾಮೀಣ ಎಂದಿದ್ದರೂ ಪಟ್ಟಣಗಳ ವಸತಿ ಯೋಜನೆಗಳನ್ನೂ ಅದೇ ನೋಡಿಕೊಳ್ಳುತ್ತದೆ. ಬೆಂಗಳೂರಿನ ಒಂದು ಲಕ್ಷ ಬಹುಮಹಡಿ ಮನೆಗಳ ಯೋಜನೆಯೂ ಅದರ ಹೆಗಲಿಗೇ ಬಿತ್ತು. ನಿಗಮ ಸ್ಥಾಪನೆಯಾದದ್ದು 2000ದ ಏಪ್ರಿಲ್‌ನಲ್ಲಿ, ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ. ಅದಕ್ಕೂ ಮೊದಲು 1970ರ ದಶಕದ ಜನತಾ ಮನೆಗಳಿದ್ದವು, 1991-92ರಲ್ಲಿ ಆರಂಭವಾದ ಆಶ್ರಯ ಯೋಜನೆ ಇತ್ತು. ಬಸವ ವಸತಿ, ಅಂಬೇಡ್ಕರ್ ನಿವಾಸ, ದೇವರಾಜ ಅರಸು ವಸತಿ, ಇಂದಿರಾ ಆವಾಸ್, 2016ರಿಂದ ಅದರ ಸ್ಥಾನದಲ್ಲಿ ಪ್ರಧಾನಮಂತ್ರಿ ಆವಾಸ್ ಹೀಗೆ ಹೆಸರುಗಳು ಬಂದವು, ಹೋದವು. ಮನೆ ಕಟ್ಟಿಕೊಂಡವರನ್ನು ಕೇಳಿದರೆ ಅವರ ಮನೆ ಯಾವ ಯೋಜನೆಯದೆಂದು ಹೇಳುವವರು ಕಡಿಮೆ. ನಮ್ಮ ಕಡೆ ಇಂದಿಗೂ ಎಲ್ಲವೂ ‘ಆಶ್ರಯ ಮನೆ’ಯೇ.

ನಿಗಮದ ಸಾಧನೆಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. 1990ರ ದಶಕದಲ್ಲಿ ಬೇರೊಂದು ಜಿಲ್ಲೆಯ ತಾಲ್ಲೂಕೊಂದರಲ್ಲಿ ನಾನು ಅಧಿಕಾರಿಯಾಗಿದ್ದಾಗ ಆಶ್ರಯ ಮನೆಗಳ ಲೆಕ್ಕ ದಪ್ಪ ರಿಜಿಸ್ಟರುಗಳಲ್ಲಿರುತ್ತಿತ್ತು. ಒಂದೇ ಕುಟುಂಬಕ್ಕೆ ಎರಡು ಮನೆ, ಇಲ್ಲದ ಊರಿನಲ್ಲಿ ಒಂದು ಮನೆ, ತಳಪಾಯವನ್ನೇ ಕಾಣದ ಮನೆಗೆ ಪೂರ್ತಿ ಹಣ, ಇವೆಲ್ಲ ಆ ರಿಜಿಸ್ಟರುಗಳಲ್ಲಿ ಸುಖವಾಗಿ ಬದುಕಿದ್ದವು. ಮುಕ್ತಾಯ ಪ್ರಮಾಣಪತ್ರಗಳಿಗೆ ನಾನೂ ಸಹಿ ಹಾಕಿದ್ದೇನೆ. ಎಲ್ಲ ಮನೆಗಳನ್ನೂ ನೋಡಿ ಹಾಕಿದೆನೆಂದು ಈಗ ಹೇಳಿದರೆ ಸುಳ್ಳಾಗುತ್ತದೆ. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಎಂಜಿನಿಯರರು ತಂದ ಕಟ್ಟಿನ ಮೇಲೆ ಸಹಿ ಬೀಳುತ್ತಿತ್ತು. ಉಪಗ್ರಹ ಗುರುತಿನ ಛಾಯಾಚಿತ್ರ, ಫಲಾನುಭವಿಯ ಖಾತೆಗೆ ನೇರ ಪಾವತಿ, ಆಧಾರ್ ಜೋಡಣೆ ಇವು ಬಂದ ಮೇಲೆ ಇಲ್ಲದ ಮನೆಗೆ ಹಣ ಕೊಡುವುದು ಕಷ್ಟವಾಯಿತು. ಇದು ಸಣ್ಣ ಸುಧಾರಣೆಯಲ್ಲ. ಆದರೆ ಮನೆ ಇದೆಯೇ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನೇ ಆ ಮನೆ ವಾಸಯೋಗ್ಯವೇ ಎಂಬ ಪ್ರಶ್ನೆಗೂ ಉತ್ತರವೆಂದು ಆಡಳಿತ ತಿಳಿದುಕೊಂಡಿತು. ಎರಡನೆಯ ಪ್ರಶ್ನೆಯನ್ನು ಕೇಳುವ ಕಚೇರಿ ಇಂದು ರಾಜ್ಯದಲ್ಲಿ ಎಲ್ಲಿಯೂ ಇಲ್ಲ.

ಗುರಿ ನಿಗದಿ ಮಾಡುವಲ್ಲಿ, ಹಣ ಬಿಡುಗಡೆ ಮಾಡುವಲ್ಲಿ, ಪ್ರಗತಿ ಅಳೆಯುವಲ್ಲಿ, ಆ ಪ್ರಗತಿಯನ್ನು ಸರ್ಕಾರಕ್ಕೆ ವರದಿ ಮಾಡುವಲ್ಲಿ ಇರುವುದು ಒಂದೇ ನಿಗಮ ಮತ್ತು ಅದರ ಒಂದೇ ತಂತ್ರಾಂಶ. ಕೊಬ್ಬರಿ ಮಂಡಿಯಲ್ಲಿ ಮಾರುವವನ ತಕ್ಕಡಿಯನ್ನೇ ಕೊಳ್ಳುವವನು ನಂಬಬೇಕೆಂದರೆ ತಿಪಟೂರಿನಲ್ಲಿ ಯಾರೂ ಒಪ್ಪುವುದಿಲ್ಲ. ಅದಕ್ಕೆಂದೇ ಮಾರುಕಟ್ಟೆ ಸಮಿತಿ ಇದೆ, ತೂಕ ಅಳತೆ ಇಲಾಖೆ ಇದೆ. ಬಡವರ ಮನೆಯ ವಿಚಾರದಲ್ಲಿ ಮಾತ್ರ ಈ ಸಾಮಾನ್ಯ ವಿವೇಕವನ್ನು ನಾವು ಬದಿಗಿಟ್ಟಿದ್ದೇವೆ. ಹಣ ಕೊಟ್ಟು ಮನೆ ಕೊಳ್ಳುವ ಮಧ್ಯಮ ವರ್ಗದವರಿಗೆ 2016ರ ಕಾಯ್ದೆಯಡಿ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಿದೆ. ಕರ್ನಾಟಕದಲ್ಲಿ ಅದು 2017ರಲ್ಲಿ ಅಸ್ತಿತ್ವಕ್ಕೆ ಬಂತು. ಗೋಡೆ ಬಿರುಕು ಬಿಟ್ಟರೆ, ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದವರೆಗೆ ನಿರ್ಮಾಣದಾರನೇ ಸರಿಪಡಿಸಿಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಸರ್ಕಾರದ ನೆರವಿನಲ್ಲಿ ತಾನೇ ಕಟ್ಟಿಕೊಂಡ ಕೂಲಿಕಾರಳಿಗೆ ಅಂಥ ಯಾವ ಬಾಗಿಲೂ ಇಲ್ಲ. ನಿರ್ಮಾಣದಾರಳೂ ಅವಳೇ, ಗ್ರಾಹಕಳೂ ಅವಳೇ, ಕೊನೆಗೆ ಅಪರಾಧಿಯೂ ಅವಳೇ.

ಅವಳು ಏಕೆ ಕೆಟ್ಟದಾಗಿ ಕಟ್ಟಿಕೊಂಡಳು ಎಂದು ಕೇಳುವವರು ಒಂದಿಷ್ಟು ಲೆಕ್ಕ ನೋಡಬೇಕು. ಇಂದಿರಾ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ ಕೊಡುತ್ತಿದ್ದ ನೆರವು 2004ರಲ್ಲಿ 25 ಸಾವಿರ ರೂಪಾಯಿಗೆ, 2008ರಲ್ಲಿ 35 ಸಾವಿರಕ್ಕೆ, 2010ರಲ್ಲಿ 45 ಸಾವಿರಕ್ಕೆ, 2013ರಲ್ಲಿ 70 ಸಾವಿರಕ್ಕೆ ಏರಿತು. 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಬಂದಾಗ ಅದು 1.20 ಲಕ್ಷವಾಯಿತು. ಹನ್ನೆರಡು ವರ್ಷಗಳಲ್ಲಿ ಐದು ಬಾರಿ ಏರಿದ ಮೊತ್ತ ಅಲ್ಲಿಗೆ ನಿಂತುಹೋಯಿತು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಯೋಜನೆಯನ್ನು 2028-29ರವರೆಗೆ ವಿಸ್ತರಿಸಿ ಇನ್ನೂ ಎರಡು ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಾಗಲೂ ಮೊತ್ತ ಅದೇ 1.20 ಲಕ್ಷ. ಅದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ರಾಜ್ಯ ಸರ್ಕಾರದ ಬಸವ ವಸತಿಯಲ್ಲೂ ಸಾಮಾನ್ಯ ವರ್ಗಕ್ಕೆ ಅಷ್ಟೇ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಗ್ರಾಮಾಂತರದಲ್ಲಿ 1.75 ಲಕ್ಷ.

ಇದಕ್ಕೆ 90 ದಿನಗಳ ಉದ್ಯೋಗ ಖಾತರಿ ಕೂಲಿಯನ್ನು 2016ರ ಚೌಕಟ್ಟಿನಲ್ಲಿ ಸೇರಿಸಲಾಯಿತು. 2025-26ರ ದರ ದಿನಕ್ಕೆ 370 ರೂಪಾಯಿ. ಅಂದರೆ 33,300 ರೂಪಾಯಿ. ಶೌಚಾಲಯಕ್ಕೆ 12 ಸಾವಿರ. ಎಲ್ಲವೂ ತಪ್ಪದೆ ಕೈಸೇರಿದರೆ ಒಟ್ಟು 1.65 ಲಕ್ಷದಷ್ಟಾಗುತ್ತದೆ. ಯೋಜನೆಯ ಪ್ರಕಾರ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಎರಡೂಮುಕ್ಕಾಲು ಚದರಕ್ಕೆ ತುಸು ಕಡಿಮೆ. ನಮ್ಮೂರಿನ ಮೇಸ್ತ್ರಿ ಸಾಧಾರಣ ಕೆಲಸಕ್ಕೆ ಚದರಕ್ಕೆ 1.60 ಲಕ್ಷಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ ಎನ್ನುತ್ತಾರೆ. ಅದರಂತೆ ಮನೆಗೆ 4.30 ಲಕ್ಷ ಬೇಕು. ಉಳಿದ ಎರಡೂವರೆ ಲಕ್ಷಕ್ಕೂ ಮಿಕ್ಕ ಹಣ ಎಲ್ಲಿಂದ ಬರಬೇಕು?

ಕಲ್ಪತರು ನಾಡಿನಲ್ಲಿ ಅದು ಬರುವುದು ಕೊಬ್ಬರಿಯಿಂದ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಹತ್ತಿಪ್ಪತ್ತು ಮರಗಳಿರುವ ಸಣ್ಣ ಹಿಡುವಳಿದಾರನಿಗೂ, ಕಾಯಿ ಸುಲಿದು ಚಿಪ್ಪು ಒಡೆದು ಕೊಬ್ಬರಿ ಬಿಡಿಸುವ ಕೂಲಿಯವರಿಗೂ, ನಾರಿನ ಘಟಕದಲ್ಲಿ ದುಡಿಯುವ ಹೆಂಗಸರಿಗೂ ಕೈಯಲ್ಲಿ ಓಡಾಡುವ ಹಣವನ್ನು ನಿರ್ಧರಿಸುವುದು ತಿಪಟೂರು ಮಾರುಕಟ್ಟೆಯ ಹರಾಜು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ 8 ಸಾವಿರದ ಆಸುಪಾಸಿಗೆ ಕುಸಿದು ರೈತರು ಬೀದಿಗಿಳಿದರು. ಎರಡು ವರ್ಷ ಕಳೆಯುವಷ್ಟರಲ್ಲಿ, 2025ರಲ್ಲಿ ಅದೇ ಕೊಬ್ಬರಿ 20 ಸಾವಿರವನ್ನೂ ದಾಟಿತು. 2022ರಲ್ಲಿ ಮಂಜೂರಾತಿ ಪಡೆದು ತಳಪಾಯ ಹಾಕಿದ ಕುಟುಂಬ ಬೆಲೆ ಬಿದ್ದ ವರ್ಷ ಲಿಂಟಲ್ ಮಟ್ಟದಲ್ಲಿ ನಿಂತಿತು. ಬೆಲೆ ಏರಿದ ವರ್ಷ ಕೈಗೆ ಕಾಸು ಬಂದಾಗ ಗಾರೆ ಕೆಲಸದವರೇ ಸಿಗಲಿಲ್ಲ, ಸಿಕ್ಕವರ ಕೂಲಿ ಏರಿತ್ತು. ಮೇಲಿನಿಂದ ನೋಡುವವರಿಗೆ ಇದು ‘ಪ್ರಗತಿ ಸಾಧಿಸದ ಫಲಾನುಭವಿ’ಯ ಕಡತ. ನಿಗದಿತ ಅವಧಿ ಮೀರಿದರೆ ನೋಟಿಸು, ನಂತರ ಮಂಜೂರಾತಿ ರದ್ದು. ಆದ್ದರಿಂದ ಪಂಚಾಯಿತಿಯವರೂ ಫಲಾನುಭವಿಯೂ ಸೇರಿ, ಹೇಗೋ ಒಂದು ಛಾವಣಿ ಎಳೆದು ಮುಂದಿನ ಗೋಡೆಗೆ ಸುಣ್ಣ ಬಳಿದು ಚಿತ್ರ ತೆಗೆಯುತ್ತಾರೆ. ಇಬ್ಬರಲ್ಲಿ ಯಾರನ್ನೂ ನಾನು ದೂರಲಾರೆ. ಅಳತೆಗೋಲು ಯಾವುದನ್ನು ಕೇಳುತ್ತದೆಯೋ ಅದನ್ನೇ ಅವರು ಪೂರೈಸಿದ್ದಾರೆ.

ಮನೆಯ ಸ್ವರೂಪದ ಬಗ್ಗೆಯೂ ಒಂದು ಮಾತು. ನಮ್ಮ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟವಿಲ್ಲದ ಮನೆ ಇರಲಿಲ್ಲ. ಬಲಿತ ಕಾಯಿ ಸಿಪ್ಪೆಯೊಳಗೇ ಒಣಗಿ ಉಂಡೆ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಅಟ್ಟದ ಮೇಲೆ ಕೂರಬೇಕು. ಬೆಲೆ ಬರುವವರೆಗೆ ಕಾಯುವ ಶಕ್ತಿಯೂ ಅಟ್ಟದಿಂದಲೇ ಬರುತ್ತದೆ. ಅಟ್ಟವಿಲ್ಲದವನು ಹಸಿ ಕಾಯನ್ನೇ ವ್ಯಾಪಾರಿ ಹೇಳಿದ ಬೆಲೆಗೆ ಮಾರುತ್ತಾನೆ. 270 ಚದರಡಿಯ ಸರ್ಕಾರಿ ಮನೆಯಲ್ಲಿ ಅಟ್ಟಕ್ಕೆ ಅವಕಾಶವಿಲ್ಲ. ಎತ್ತರಿಸಿ ಕಟ್ಟೋಣವೆಂದರೆ ಹಣವಿಲ್ಲ. ಹೊಸ ಮನೆಯ ಒಂದು ಕೋಣೆಯ ತುಂಬ ಕಾಯಿ ತುಂಬಿ, ಮನುಷ್ಯರು ಜಗಲಿಯಲ್ಲಿ ಮಲಗುವುದನ್ನು ನೊಣವಿನಕೆರೆ ಕಡೆಯ ಹಳ್ಳಿಯೊಂದರಲ್ಲಿ ನಾನೇ ಕಂಡಿದ್ದೇನೆ. ಅದನ್ನು ನೋಡಿದ ತಪಾಸಣಾಧಿಕಾರಿ ‘ಗೋದಾಮು ಮಾಡಿಕೊಂಡಿದ್ದಾರೆ’ ಎಂದು ಬರೆದುಕೊಂಡು ಹೋದರಂತೆ.

ಇವೆಲ್ಲ ದೆಹಲಿಗೆ ತಿಳಿಯದ ಸಂಗತಿಗಳಲ್ಲ. ಇಂದಿರಾ ಆವಾಸ್ ಯೋಜನೆಯ ಕಾರ್ಯನಿರ್ವಹಣೆಯ ಬಗ್ಗೆ ಮಹಾಲೇಖಪಾಲರು 2014ರಲ್ಲಿ ವರದಿ ಕೊಟ್ಟರು. ವಸತಿ ಕೊರತೆಯ ಅಂದಾಜನ್ನೇ ಮಾಡದಿರುವುದು, ಫಲಾನುಭವಿಗಳ ಆಯ್ಕೆಯಲ್ಲಿ ಪಾರದರ್ಶಕತೆ ಇಲ್ಲದಿರುವುದು, ಮನೆಗಳ ಕಳಪೆ ಗುಣಮಟ್ಟ, ತಾಂತ್ರಿಕ ಮೇಲ್ವಿಚಾರಣೆಯ ಅಭಾವ, ದುರ್ಬಲ ಉಸ್ತುವಾರಿ ಇವುಗಳನ್ನೇ ಕಾರಣವಾಗಿ ಹೇಳಿ 2016ರಲ್ಲಿ ಹೊಸ ಯೋಜನೆಯನ್ನು ರೂಪಿಸಲಾಯಿತು. ಹೊಸ ಚೌಕಟ್ಟಿನಲ್ಲಿ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ವರ್ಷಕ್ಕೆ ಒಮ್ಮೆಯಾದರೂ ಸಾಮಾಜಿಕ ಪರಿಶೋಧನೆ ನಡೆಯಬೇಕು. ಫಲಾನುಭವಿಗಳ ಪಟ್ಟಿಯಿಂದ ಹೆಸರು ತೆಗೆದರೆ ಗ್ರಾಮಸಭೆ ಕಾರಣ ದಾಖಲಿಸಬೇಕು. ಮೇಲ್ಮನವಿಗೆ ಜಿಲ್ಲಾ ಮಟ್ಟದ ಸಮಿತಿ ಇರಬೇಕು. ಬರಹದಲ್ಲಿ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಕೇಳಲಾಗದು. ನನ್ನ ಊರಿನ ಸುತ್ತಲಿನ ಹತ್ತಾರು ಹಳ್ಳಿಗಳಲ್ಲಿ ವಿಚಾರಿಸಿದೆ. ರಸ್ತೆ, ಚರಂಡಿ, ಕೃಷಿಹೊಂಡಗಳ ಪರಿಶೋಧನೆಗೆ ಜನ ಬಂದದ್ದು ನೆನಪಿದೆ. ಮುಗಿದ ಮನೆಯ ಒಳಗೆ ಬಂದು ಕೂತು, ಮಳೆಗಾಲ ಹೇಗೆ ಕಳೆಯಿತೆಂದು ಕೇಳಿದವರು ಯಾರಿಗೂ ನೆನಪಿಲ್ಲ.

ಹಾಗಾದರೆ ನಿಗಮದ ಮೇಲೆ ಕಣ್ಣಿಟ್ಟವರು ಯಾರು? ಅದು ಸರ್ಕಾರಿ ಕಂಪನಿಯಾದ್ದರಿಂದ ಮಹಾಲೇಖಪಾಲರ ಲೆಕ್ಕಪರಿಶೋಧನೆಗೆ ಒಳಪಡುತ್ತದೆ. ವಿಧಾನಮಂಡಲದ ಸಮಿತಿಗಳಿವೆ. ಲೋಕಾಯುಕ್ತರಿದ್ದಾರೆ. ಇವರೆಲ್ಲರೂ ವರ್ಷಗಳ ನಂತರ ಬರುವವರು, ಅದೂ ಕಡತ ನೋಡಲು. ಹತ್ತಿರದಿಂದ ನೋಡಬೇಕಾದವರು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳು. ನಾನು ಸೇವೆಯಲ್ಲಿದ್ದಾಗ ಜಿಲ್ಲಾ ಪಂಚಾಯಿತಿಯ ಮಾಸಿಕ ಸಭೆಗಳಲ್ಲಿ ನಮಗೆ ಹೆಚ್ಚು ಭಯವಿದ್ದುದು ವಸತಿ ವಿಷಯ ಬಂದಾಗಲೇ. ಸದಸ್ಯರೊಬ್ಬರು ತಮ್ಮ ಕ್ಷೇತ್ರದ ಅರ್ಧಕ್ಕೆ ನಿಂತ ಮನೆಗಳ ಹೆಸರನ್ನು ಒಂದೊಂದಾಗಿ ಓದುತ್ತಿದ್ದರೆ ಉತ್ತರಿಸುವುದು ಸುಲಭವಾಗಿರಲಿಲ್ಲ. 2016ರಲ್ಲಿ ಚುನಾಯಿತವಾದ ಆ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನ ಹೇಳುತ್ತಿದ್ದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ವರ್ಷಗಳು ಉರುಳಿದವು. ಆ ಅವಧಿಯಲ್ಲಿ ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಆಡಳಿತಾಧಿಕಾರಿ ಕೂತರು, ಉತ್ತರ ಕೊಡುವ ಕುರ್ಚಿಯಲ್ಲಿ ಇನ್ನೊಬ್ಬ ಅಧಿಕಾರಿ.

ಖಾಲಿಯಾದ ಜಾಗ ಖಾಲಿ ಉಳಿಯಲಿಲ್ಲ. ಗ್ರಾಮಸಭೆಯ ಪಟ್ಟಿಯ ಮೇಲೆ ಶಾಸಕರ ಪ್ರಭಾವ ಮೊದಲಿನಿಂದಲೂ ಇತ್ತು. ಪಟ್ಟಣಗಳಲ್ಲಂತೂ ಆಶ್ರಯ ಸಮಿತಿಗೆ ಶಾಸಕರೇ ಅಧ್ಯಕ್ಷರು. ಮನೆಗಳ ಗುರಿ ಯಾವ ಪಂಚಾಯಿತಿಗೆ ಎಷ್ಟು ಎಂಬುದು ಶಾಸಕರ ಪತ್ರ ಮತ್ತು ಸಚಿವರ ಕಚೇರಿಯ ನಡುವೆ ಇತ್ಯರ್ಥವಾಗುವ ವಿಷಯವೆಂದು ಜನ ನಂಬಿದ್ದಾರೆ. 2025ರ ಜೂನ್‌ನಲ್ಲಿ ಆಳಂದದ ಶಾಸಕ ಬಿ.ಆರ್. ಪಾಟೀಲರ ದೂರವಾಣಿ ಸಂಭಾಷಣೆಯೊಂದು ಬಹಿರಂಗವಾಯಿತು. ಈ ನಿಗಮದ ಮನೆಗಳ ಮಂಜೂರಾತಿಯಲ್ಲಿ ಹಣ ಕೊಟ್ಟವರಿಗೆ ಆದ್ಯತೆ ಸಿಗುತ್ತಿದೆ ಎಂಬುದು ಅದರ ಸಾರ. ಮಾತನಾಡಿದವರು ವಿರೋಧ ಪಕ್ಷದವರಲ್ಲ, ಆಡಳಿತ ಪಕ್ಷದ ಹಿರಿಯರು. ಧ್ವನಿ ತಮ್ಮದೇ ಎಂದೂ ಒಪ್ಪಿಕೊಂಡರು. ವಸತಿ ಸಚಿವರು ಆರೋಪವನ್ನು ನಿರಾಕರಿಸಿದರು. ಸತ್ಯ ಯಾವ ಕಡೆಗಿದೆ ಎಂದು ತೀರ್ಮಾನಿಸುವುದು ತನಿಖೆಯ ಕೆಲಸ. ನನ್ನ ಕಳವಳ ಬೇರೆ. ಇಂಥ ಸಂಗತಿ ಹೊರಬರಲು ಒಬ್ಬ ಶಾಸಕರ ದೂರವಾಣಿ ಸಂಭಾಷಣೆ ಸೋರಬೇಕಾಯಿತು. ಯಾವ ಉಸ್ತುವಾರಿ ಸಮಿತಿಯೂ ಯಾವ ಪರಿಶೋಧಕನೂ ಅದನ್ನು ಮೊದಲು ಎತ್ತಲಿಲ್ಲ.

ತಪಾಸಣೆ ಇಲ್ಲದಿರುವುದರಿಂದ ಆಗುವ ಕೇಡು ಒಂದಾದರೆ, ಅವಸರದ ತಪಾಸಣೆಯ ಕೇಡು ಇನ್ನೊಂದು. 2019ರ ನಂತರ ಅಕ್ರಮಗಳ ಪರಿಶೀಲನೆಯ ಕಾರಣ ಹೇಳಿ ರಾಜ್ಯದಾದ್ಯಂತ ಕಂತುಗಳ ಬಿಡುಗಡೆ ತಿಂಗಳುಗಟ್ಟಲೆ ಸ್ಥಗಿತವಾದದ್ದು ಓದುಗರಿಗೆ ನೆನಪಿರಬಹುದು. ಅಕ್ರಮಗಳಿದ್ದವು, ಪರಿಶೀಲನೆಯೂ ಬೇಕಿತ್ತು. ಆದರೆ ಸರ್ಕಾರವನ್ನು ನಂಬಿ ಬಡ್ಡಿಗೆ ಸಾಲ ತಂದು ಲಿಂಟಲ್‌ವರೆಗೆ ಕಟ್ಟಿದ ಅರ್ಹ ಕುಟುಂಬವೂ ಅನರ್ಹನ ಜೊತೆ ಕಾಯಬೇಕಾಯಿತು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ನಮ್ಮ ಕಡೆ ಅಪರೂಪವಲ್ಲ. ಆ ದರದಲ್ಲಿ 50 ಸಾವಿರ ಸಾಲ ಒಂದು ವರ್ಷ ಉಳಿದರೆ ಬಡ್ಡಿಯೇ 18 ಸಾವಿರ, ಅಂದರೆ 30 ಸಾವಿರದ ಒಂದು ಕಂತಿನ ಅರ್ಧಕ್ಕೂ ಹೆಚ್ಚು. ಗುತ್ತಿಗೆದಾರರ ಬಾಕಿಗಾಗಿ ವಿಧಾನಸೌಧದವರೆಗೆ ಕೇಳುವ ಧ್ವನಿ ಇದೆ. ಈ ಬಾಕಿಗೆ ಇರಲಿಲ್ಲ. ಅಂದು ವಸತಿ ಸಚಿವರಾಗಿದ್ದ ವಿ. ಸೋಮಣ್ಣ ಅವರು 2024ರ ಚುನಾವಣೆಯಲ್ಲಿ ತುಮಕೂರಿನ ಸಂಸದರಾಗಿ ಆಯ್ಕೆಯಾದರು. ಕೇಂದ್ರ ಯೋಜನೆಗಳನ್ನು ಪರಿಶೀಲಿಸುವ ಜಿಲ್ಲಾ ‘ದಿಶಾ’ ಸಮಿತಿಯ ಅಧ್ಯಕ್ಷತೆ ಸಂಸದರದ್ದು. ಈ ಕಡತದ ಒಳಹೊರಗನ್ನು ಬಲ್ಲವರು ಆ ಕುರ್ಚಿಯಲ್ಲಿರುವುದು ನಮ್ಮ ಮೂರು ತಾಲ್ಲೂಕುಗಳ ಮಟ್ಟಿಗೆ ಒಂದು ಅವಕಾಶ. ಮುಗಿದ ಮನೆಗಳ ಸ್ಥಿತಿಗತಿ ಸಮಿತಿಯ ಕಾರ್ಯಸೂಚಿಯಲ್ಲಿ ಬರಬೇಕೆಂದು ಕೇಳುವ ಹಕ್ಕು ನಮಗಿದೆ.

ಬೇರೆ ದೇಶಗಳಲ್ಲಿ ಎಲ್ಲವೂ ಸರಿ ಇದೆಯೆಂದು ಯಾರೂ ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಕಡಿಮೆ ಬಾಡಿಗೆಯ ಸಾಮಾಜಿಕ ವಸತಿಗೆಂದೇ ಒಂದು ನಿಯಂತ್ರಣ ಸಂಸ್ಥೆ ಇದೆ. ಆದರೆ 2011ರ ಕಾಯ್ದೆಯೊಂದು ಅದರ ಕೈಯನ್ನು ಕಟ್ಟಿಹಾಕಿತು: ವಸತಿ ಸಂಸ್ಥೆಗಳ ಹಣಕಾಸು ಸ್ಥಿತಿಯನ್ನು ಅದು ಚೆನ್ನಾಗಿ ನೋಡಬೇಕು, ಬಾಡಿಗೆದಾರರ ಅಹವಾಲುಗಳಲ್ಲಿ ಗಂಭೀರ ಹಾನಿಯ ಶಂಕೆ ಇದ್ದರಷ್ಟೇ ತಲೆಹಾಕಬೇಕು. ಲೆಕ್ಕಪತ್ರ ಸರಿ ಇತ್ತು, ಗೋಡೆ ಸರಿ ಇರಲಿಲ್ಲ. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಗೋಪುರಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ಅಪಾಯವಿದೆಯೆಂದು ಅಲ್ಲಿನ ನಿವಾಸಿಗಳು ಮೊದಲೇ ಎಚ್ಚರಿಸಿದ್ದರು. 2020ರ ಡಿಸೆಂಬರ್‌ನಲ್ಲಿ ರಾಚ್‌ಡೇಲ್ ಪಟ್ಟಣದಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು, ಗೋಡೆಯ ಬೂಷ್ಟಿನಿಂದಾದ ಉಸಿರಾಟದ ತೊಂದರೆಯಿಂದ ಅಸುನೀಗಿತು. ತಂದೆ ದೂರು ಕೊಡುತ್ತಲೇ ಬಂದಿದ್ದರು. ಆ ಬಳಿಕ 2023ರಲ್ಲಿ ಕಾಯ್ದೆ ಬದಲಾಯಿತು. 2024ರ ಏಪ್ರಿಲ್‌ನಿಂದ ನಿಯಂತ್ರಣ ಸಂಸ್ಥೆ ದೊಡ್ಡ ವಸತಿ ಸಂಸ್ಥೆಗಳನ್ನು ಸರದಿಯಂತೆ ತಪಾಸಣೆ ಮಾಡಿ ಶ್ರೇಣಿ ಪ್ರಕಟಿಸುತ್ತಿದೆ. ತೇವ ಮತ್ತು ಬೂಷ್ಟಿನ ದೂರನ್ನು ಗೊತ್ತುಪಡಿಸಿದ ಕಾಲಮಿತಿಯಲ್ಲಿ ಪರಿಹರಿಸಬೇಕೆಂಬ ನಿಯಮ ಆ ಮಗುವಿನ ಹೆಸರಿನಲ್ಲೇ 2025ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಅವರದು ಬಾಡಿಗೆ ಮನೆ, ನಮ್ಮದು ಸ್ವಂತ ಮನೆ. ಅವರ ಕಾಯ್ದೆ ನಮಗೆ ಹಾಗೆಯೇ ಹೊಂದುವುದಿಲ್ಲ. ಆದರೆ ಹಣದ ಲೆಕ್ಕ ನೋಡಿ ಮನೆಯನ್ನು ನೋಡದ ಉಸ್ತುವಾರಿ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದಕ್ಕೆ ಅವರು ತೆತ್ತ ಬೆಲೆ ನಮ್ಮ ಮುಂದಿದೆ.

ಹಾಗೆಂದು ಬೆಂಗಳೂರಿನಲ್ಲಿ ಇನ್ನೊಂದು ಪ್ರಾಧಿಕಾರ ಸ್ಥಾಪಿಸಿ ಎಂದು ನಾನು ಹೇಳುವುದಿಲ್ಲ. ಪ್ರಾಧಿಕಾರಗಳು ಏನಾಗುತ್ತವೆಂದು ಬಲ್ಲೆ. ಅಧ್ಯಕ್ಷರ ಕಾರು, ಸದಸ್ಯರ ವಸತಿ ಮತ್ತು ನನ್ನಂಥ ನಿವೃತ್ತರ ಪುನರ್ವಸತಿ, ಇವು ಮೊದಲ ಎರಡು ವರ್ಷದ ಕಾರ್ಯಸೂಚಿ. ರಿಯಲ್ ಎಸ್ಟೇಟ್ ಪ್ರಾಧಿಕಾರ ಹಣ ಮರಳಿಸಲು ಆದೇಶ ಕೊಟ್ಟ ಮೇಲೂ ವಸೂಲಿ ಕಂದಾಯ ಇಲಾಖೆಯ ಕಡತಗಳಲ್ಲಿ ನಿಂತುಬಿಡುವುದನ್ನು ನಗರದ ಓದುಗರು ಚೆನ್ನಾಗಿ ಅರಿತಿದ್ದಾರೆ. ತಪಾಸಣೆ ಹೆಚ್ಚಿದಷ್ಟೂ ಕೈ ಚಾಚುವವರ ಸಂಖ್ಯೆ ಹೆಚ್ಚುತ್ತದೆ ಎಂಬ ಮಾತಿನಲ್ಲೂ ಹುರುಳಿದೆ. ಕಂತಿಗೂ ತಪಾಸಣೆಗೂ ನಂಟಿರುವವರೆಗೆ ತಪಾಸಕನ ಸಹಿಗೆ ಬೆಲೆ ಇದ್ದೇ ಇರುತ್ತದೆ.

ಆದ್ದರಿಂದ ಆ ನಂಟನ್ನೇ ಕಡಿಯಬೇಕು. ಕಂತುಗಳು ಈಗಿನಂತೆ ಛಾಯಾಚಿತ್ರದ ಆಧಾರದ ಮೇಲೆಯೇ ಹೋಗಲಿ. ಚಿತ್ರ ಸಲ್ಲಿಸಿದ ದಿನದಿಂದ ಇಂತಿಷ್ಟು ದಿನದಲ್ಲಿ ಹಣ ಬಾರದಿದ್ದರೆ ನಿಗಮ ಬಡ್ಡಿ ಕೊಡಲಿ. ಮನೆ ಮುಗಿದು ಒಂದು ಪೂರ್ತಿ ಮಳೆಗಾಲ ಕಳೆದ ನಂತರ, ಪ್ರತಿ ತಾಲ್ಲೂಕಿನಲ್ಲೂ ಚೀಟಿ ಎತ್ತಿ ಆರಿಸಿದ ನೂರು ಮನೆಗಳನ್ನು ನಿಗಮಕ್ಕೆ ಸಂಬಂಧವಿಲ್ಲದವರು ಹೋಗಿ ನೋಡಲಿ. ಸೋರುತ್ತದೆಯೇ, ಬಿರುಕಿದೆಯೇ, ಒಲೆಗೆ ಜಾಗವಿದೆಯೇ, ನೀರು ಬರುತ್ತದೆಯೇ, ಮನೆಯವರು ಅಲ್ಲೇ ವಾಸವಾಗಿದ್ದಾರೆಯೇ? ಇಷ್ಟು ಕೇಳಿದರೆ ಸಾಕು. ಉತ್ತರ ಏನೇ ಇರಲಿ ಫಲಾನುಭವಿಗೆ ದಂಡವಿಲ್ಲ, ಯಾರ ಹಣವೂ ನಿಲ್ಲುವುದಿಲ್ಲ. ಫಲಿತಾಂಶವನ್ನು ಪಂಚಾಯಿತಿವಾರು ಪ್ರಕಟಿಸಿ ಗ್ರಾಮಸಭೆಯಲ್ಲಿ ಓದಬೇಕು. ರಾಜ್ಯದ ಒಟ್ಟು ವರದಿಯನ್ನು ವಸತಿ ಇಲಾಖೆಯ ಮೂಲಕ ಕಳಿಸದೆ ನೇರವಾಗಿ ವಿಧಾನಮಂಡಲದ ಮುಂದೆ ಇಡಬೇಕು. ಯಾರಿಗೂ ಸಹಿಯ ಅಧಿಕಾರವಿಲ್ಲದ ಇಂಥ ತಪಾಸಣೆಯಲ್ಲಿ ಲಂಚ ಕೇಳಲು ಕಾರಣವೇ ಇರುವುದಿಲ್ಲ. ವರದಿಯಲ್ಲಿ ಸೋರುವ ಮನೆಗಳ ಪಾಲು ದೊಡ್ಡದಾಗಿ ಕಂಡರೆ, 1.20 ಲಕ್ಷ ಏಕೆ ಒಂದು ದಶಕದಿಂದ 1.20 ಲಕ್ಷವಾಗಿಯೇ ಉಳಿದಿದೆ ಎಂಬ ಪ್ರಶ್ನೆ ಸದನದಲ್ಲಿ ಬಂದೇ ಬರುತ್ತದೆ. ಕೇಂದ್ರ ತನ್ನ ಪಾಲನ್ನು ಹೆಚ್ಚಿಸಲು ಒಪ್ಪದಿದ್ದರೆ ರಾಜ್ಯ ಸರ್ಕಾರ ಮನೆಗಳ ಸಂಖ್ಯೆಯನ್ನು ಇಳಿಸಿಯಾದರೂ ಒಂದೊಂದು ಮನೆಗೆ ಹೆಚ್ಚು ಕೊಡುವುದು ಲೇಸೆಂದು ನನ್ನ ಅಭಿಪ್ರಾಯ. ಇದು ರಾಜಕಾರಣಿಗಳಿಗೆ ರುಚಿಸದು, ಪಟ್ಟಿಯಲ್ಲಿ ಕಾಯುತ್ತಿರುವವರಿಗೂ ರುಚಿಸದು. ಆದರೂ ಲಕ್ಷ ಮನೆಗಳ ಘೋಷಣೆಗಿಂತ ಅಟ್ಟವಿರುವ ಅರವತ್ತು ಸಾವಿರ ಮನೆ ನಮ್ಮ ಸೀಮೆಗೆ ಹೆಚ್ಚು ಉಪಕಾರ ಮಾಡುತ್ತದೆ.

ಈ ತಪಾಸಣೆ ಮಾಡುವವರು ಯಾರು ಎಂದು ಸ್ನೇಹಿತರೊಬ್ಬರು ಕೇಳಿದರು. ತಿಪಟೂರಿನಲ್ಲೇ ಎಂಜಿನಿಯರಿಂಗ್ ಕಾಲೇಜಿದೆ. ಅಂತಿಮ ವರ್ಷದ ಸಿವಿಲ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಅವರ ಜೊತೆ ಬೇರೆ ಹೋಬಳಿಯ ಅನುಭವಿ ಮೇಸ್ತ್ರಿಯೊಬ್ಬರು ಹೋಗಬೇಕು. ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಗಾರೆಯಲ್ಲಿ ಸಿಮೆಂಟು ಎಷ್ಟಿದೆಯೆಂದು ಹೇಳಬಲ್ಲವರು ಹುಳಿಯಾರಿನಿಂದ ಮಾಯಸಂದ್ರದವರೆಗೆ ಎಷ್ಟೋ ಮಂದಿ ಇದ್ದಾರೆ. ನಾನು ಬರೆದುಕೊಟ್ಟ ಅರ್ಜಿಗೆ ಆ ಹೆಂಗಸಿಗೆ ಬಂದ ಉತ್ತರದಲ್ಲಿ ‘ಸದರಿ ಮನೆಯು ಪೂರ್ಣಗೊಂಡಿರುವುದರಿಂದ ಕಡತವನ್ನು ಮುಕ್ತಾಯಗೊಳಿಸಲಾಗಿದೆ’ ಎಂದಿತ್ತು. ಅದಕ್ಕೂ ಮೊದಲೇ ನಮ್ಮೂರಿನ ಮೇಸ್ತ್ರಿ ಆ ಗೋಡೆಯನ್ನು ನೋಡಿ ಬಂದಿದ್ದರು. ತಳಪಾಯ ಒಂದೂವರೆ ಅಡಿಯೂ ಇಲ್ಲ, ಆ ಮೂಲೆ ಇನ್ನೊಂದು ಮಳೆಗಾಲ ತಡೆಯುವುದು ಅನುಮಾನ, ಆಡು ಕಟ್ಟುವುದಾದರೂ ಈಚೆ ಗೋಡೆಗೆ ಕಟ್ಟಿ ಎಂದು ಹೇಳಿದರಂತೆ.